ಗ್ಲಾಕ್ 19ರ ಪ್ಲಾಸ್ಟಿಕ್ ಸೈಟ್ ತೆಗೆದು ನೈಟ್ ಸೈಟ್ ಹಾಕೋದು: ಯಾವುದು ಕೊಳ್ಳಬೇಕು, ಹೇಗೆ ಕೂರಿಸಬೇಕು

ತುಂಗಾತೀರ_ಟೆಕ್ಸಾಸ್

ಎಲ್ಲರಿಗೂ ನಮಸ್ಕಾರ. ನನ್ನದು ಗ್ಲಾಕ್ 19 ಪಿಸ್ತೂಲ್, ಜೆನ್ 5 (ಐದನೇ ತಲೆಮಾರು), ಎಂಒಎಸ್ (ರೆಡ್ ಡಾಟ್ ಕೂರಿಸೋ ಮಾದರಿ) ಅಲ್ಲ. ಕಂಪನಿಯ ಪ್ಲಾಸ್ಟಿಕ್ ಸೈಟೇ (ಗುರಿ ಹಿಡಿಯೋ ಗುರುತು) ಇನ್ನೂ ಇದೆ: ಮುಂದೆ ಬಿಳಿ ಚುಕ್ಕೆ, ಹಿಂದೆ ಬಟ್ಟಲಿನಾಕಾರದ ಬಿಳಿ ಗೆರೆ. ದಿನಾ ಪ್ಯಾಂಟಿನ ಸೊಂಟಪಟ್ಟಿಯ ಒಳಗೆ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್‌ನಲ್ಲಿ, ಅಂಗಿ ಕೆಳಗೆ ಇರುತ್ತೆ. ವಯಸ್ಸು 46, ಪ್ರೋಗ್ರೆಸಿವ್ ಕನ್ನಡಕ. ಸದ್ಯಕ್ಕೆ ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸೋ ಬ್ಯಾಟರಿ ಸೈಟ್) ಬೇಡ. ನೂರು ಡಾಲರ್ ಆಚೀಚೆ ಖರ್ಚು ಮಾಡಬಲ್ಲೆ.

ಪ್ರಶ್ನೆಗಳು ಇಷ್ಟು. ಮೂರು ಚುಕ್ಕೆಯದ್ದು ಒಳ್ಳೆಯದಾ, ಮುಂದೆ ಮಾತ್ರ ಹೊಳೆಯೋದು ಒಳ್ಳೆಯದಾ? ಹಸಿರಾ, ಕಿತ್ತಳೆಯಾ? ಮನೆಯಲ್ಲೇ ಕೂರಿಸಬಹುದಾ? ಇನ್ನೊಂದು, ಈಗ 15 ಗಜದಲ್ಲಿ ಗುಂಡು ಸುಮಾರು 3 ಇಂಚು ಕೆಳಗೆ ಬೀಳ್ತಿದೆ. ಹೊಸ ಸೈಟ್ ಹಾಕಿದ್ರೆ ಅದು ಸರಿಹೋಗುತ್ತಾ?

ಬೆಂಚ್‌ವೈಸ್

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿ ಮಾಡ್ಕೊಳ್ಳಿ ಸರ್. ನೈಟ್ ಸೈಟ್ (ಕತ್ತಲಲ್ಲಿ ತಾನೇ ಹೊಳೆಯೋ ಸೈಟ್) ಕಾಣಿಸೋದು ನಿಮ್ಮ ಸೈಟನ್ನ ಮಾತ್ರ. ಎದುರಿಗೆ ನಿಂತಿರೋದು ಕಳ್ಳನೋ, ರಾತ್ರಿ ನೀರು ಕುಡಿಯೋಕೆ ಎದ್ದ ಮಗನೋ ಅಂತ ಅದು ಹೇಳಲ್ಲ. ಅದಕ್ಕೆ ಟಾರ್ಚ್ ಬೇಕು. ಸೈಟ್‌ಗೆ ದುಡ್ಡು ಹಾಕೋ ಮುಂಚೆ ಜೇಬಲ್ಲಿ ಒಂದು ಒಳ್ಳೆ ಟಾರ್ಚ್ ಇರಲಿ.

ಇನ್ನು ಟಾರ್ಚ್ ಹಾಕಿದ ಕ್ಷಣ ಏನಾಗುತ್ತೆ ಅಂತ ಖಾಲಿ ಪಿಸ್ತೂಲಲ್ಲಿ ಮನೆಯಲ್ಲೇ ನೋಡಿ. ಎದುರಿನ ಗೋಡೆ ಬೆಳಗುತ್ತೆ, ಸೈಟ್ ಎರಡೂ ಕಪ್ಪು ನೆರಳಾಗಿ ನಿಲ್ಲುತ್ತವೆ, ಟ್ರಿಟಿಯಂ (ಚುಕ್ಕೆ ಹೊಳೆಯೋ ಹಾಗೆ ಮಾಡೋ ಅನಿಲ) ಹೊಳಪು ಆ ಬೆಳಕಲ್ಲಿ ಕರಗಿ ಹೋಗುತ್ತೆ. ಗವ್ವೆನ್ನೋ ಕತ್ತಲಲ್ಲಿ ಟ್ರಿಟಿಯಂ ಚೆನ್ನಾಗಿ ಕಾಣುತ್ತೆ, ಆದ್ರೆ ಗುರಿಯೇ ಕಾಣಲ್ಲ, ಹಾಗಾಗಿ ಹೊಡೆಯೋ ಮಾತೇ ಇಲ್ಲ. ಉಳಿಯೋದು ನಡುವಿನ ಮಬ್ಬು: ಎದುರಿನವರು ದೀಪದ ಕಂಬದ ಕೆಳಗೆ, ನೀವು ಎರಡು ಕಾರಿನ ಮಧ್ಯೆ ಕತ್ತಲಲ್ಲಿ. ಗುರಿ ಸ್ಪಷ್ಟ, ಆದ್ರೆ ಕಪ್ಪು ಸೈಟು ಕಪ್ಪು ಜಾಕೆಟ್ ಮೇಲೆ ಬಿದ್ದು ಮಾಯ. ಟ್ರಿಟಿಯಂ ತನ್ನ ಬೆಲೆ ತೀರಿಸೋದು ಅಲ್ಲಿ. ಮುಸ್ಸಂಜೆಯ ಪಾರ್ಕಿಂಗ್ ಲಾಟ್ ಅಂದ್ರೆ ಇದೇ.

ಆದ್ದರಿಂದ ನಾನು ಹೇಳೋ ಕ್ರಮ: ಮೊದಲು ಮುಂದಿನ ಸೈಟ್ ಹಗಲಲ್ಲಿ ಎಷ್ಟು ಬೇಗ ಕಣ್ಣಿಗೆ ಹೊಡೆಯುತ್ತೆ ನೋಡಿ. ಆಮೇಲೆ ಅದರ ಅಗಲ, ಹಿಂದಿನ ಸೈಟಿನ ಕಚ್ಚಿನ (ನಡುವಿನ ತೆರಪಿನ) ಅಗಲ. ಮೂರನೇದು ಕತ್ತಲ ಹೊಳಪು. ಅಂಗಡಿಯಲ್ಲಿ ಜನ ಅಂಗೈ ಮುಚ್ಚಿ ಕತ್ತಲು ಮಾಡಿ ಎಷ್ಟು ಹೊಳೆಯುತ್ತೆ ಅಂತ ನೋಡ್ತಾರೆ. ಆ ಪರೀಕ್ಷೆಯಲ್ಲಿ ಎಲ್ಲಾ ಹೊಸ ಸೈಟೂ ಪಾಸ್.

ಹುಬ್ಬಳ್ಳಿ_ಹ್ಯೂಸ್ಟನ್

ಬೆಂಚ್‌ವೈಸ್ ಅವರು ಅಗಲದ ಮಾತು ತಗದಾರ. ಅದನ್ನ ಲೆಕ್ಕ ಹಾಕಿ ಹೇಳ್ತೀನಿ ನೋಡ್ರಿ.

ಕೈ ಚಾಚಿ ಹಿಡಿದಾಗ ಕಣ್ಣಿಂದ ಮುಂದಿನ ಸೈಟಿಗೆ ಸುಮಾರು 28 ಇಂಚು. ಗ್ಲಾಕ್ 19ರಾಗ ಎರಡು ಸೈಟಿನ ನಡುವ 153 ಮಿ.ಮೀ., ಅಂದ್ರ 6 ಇಂಚು. ಹಂಗಾದ್ರ ಹಿಂದಿನ ಸೈಟು ಕಣ್ಣಿಂದ 22 ಇಂಚಿನಾಗ ಐತಿ. ಮುಂದಿಂದು ದೂರ ಇರೋದಕ್ಕ ಸಣ್ಣದಾಗಿ ಕಾಣ್ತದ. 0.125 ಇಂಚಿನ ಮುಂದಿನ ಸೈಟು ಹಿಂದಿನ ಕಚ್ಚಿನ ಹತ್ರ 0.098 ಇಂಚಿನಷ್ಟ ಕಾಣ್ತದ. ಕಚ್ಚು 0.140 ಇದ್ರ ಎಡಕ್ಕ 0.021, ಬಲಕ್ಕ 0.021 ಬೆಳಕಿನ ಸೀಳು ಉಳಿತದ. ಕಚ್ಚು 0.150 ಇದ್ರ ಎರಡೂ ಕಡೆ 0.026. ಅದ ಕಚ್ಚಿನಾಗ 0.144ರ ದಪ್ಪ ಮುಂದಿನ ಸೈಟು ಇಟ್ರ ಸೀಳು 0.018ಕ್ಕ ಇಳಿತದ.

ಕಣ್ಣು ಸೈಟನ್ನ ಹೊಂದಿಸೋದ ಈ ಎರಡು ಬೆಳಕಿನ ಸೀಳು ನೋಡಿ. ಸೀಳು ಭಾಳ ಸಣ್ಣದಾದ್ರ ಹೊಂದಿಸಲಿಕ್ಕೆ ಹೊತ್ತು ಹಿಡಿತದ. ಭಾಳ ಅಗಲಾದ್ರ ದೂರದ ಗುರಿಗೆ ಮುಂದಿನ ಸೈಟು ಎಡಕ್ಕೈತೋ ಬಲಕ್ಕೈತೋ ತಿಳಿಯಂಗಿಲ್ಲ. ಮುಂದಿನ ಸೈಟು ಮರೆಮಾಡೋದೂ ಲೆಕ್ಕಕ್ಕ ತಗೋರಿ: 25 ಗಜದಾಗ 0.125ರದ್ದು 4 ಇಂಚು ಮುಚ್ಚತದ, 0.144ರದ್ದು 4.6 ಇಂಚು.

ಟ್ರಿಜಿಕಾನ್ ಕಂಪನಿಯ ಎಚ್‌ಡಿ ಮುಂದಿನ ಸೈಟು 0.144, ಅದರ ಎಕ್ಸ್‌ಆರ್ 0.122. ಎರಡೂ ಒಂದ ಮನಿಯವು, ನೋಡಲಿಕ್ಕೆ ಅಣ್ಣತಮ್ಮ ಇದ್ದಂಗ. ಆದ್ರ ಕೈಯಾಗ ಹಿಡಿದ್ರ ಬ್ಯಾರೆ. ಪೆಟ್ಟಿಗಿ ಮ್ಯಾಲಿನ ನಂಬರ್ ಓದಿ ತಗೋರಿ.

ತುಂಗಾತೀರ_ಟೆಕ್ಸಾಸ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಹಾಗಾದ್ರೆ ಮೂರು ಚುಕ್ಕೆ ವಿಷಯ? ಕತ್ತಲಲ್ಲಿ ಮೂರೂ ಹೊಳೆದರೆ ಹೊಂದಿಸೋಕೆ ಸುಲಭ ಅಲ್ವಾ?

ಬೆಂಚ್‌ವೈಸ್

ನಿಧಾನವಾಗಿ, ರೇಂಜ್‌ನಲ್ಲಿ ನಿಂತಾಗ ಸುಲಭ. ಆತುರದಲ್ಲಿ ಮೂರು ಒಂದೇ ಥರ ಹೊಳೆದರೆ ಯಾವುದು ಮುಂದಿನದು, ಯಾವುದು ಹಿಂದಿನದು ಅಂತ ಕಣ್ಣು ಮೋಸ ಹೋಗುತ್ತೆ. ಮುಂದಿನ ಚುಕ್ಕೆ ಹಿಂದಿನ ಎರಡರ ನಡುವೆ ಬರೋ ಬದಲು ಹೊರಗಡೆ ಸಾಲಲ್ಲಿ ನಿಂತರೂ ಕತ್ತಲಲ್ಲಿ ಮೂರು ಚುಕ್ಕೆ ಸಾಲಾಗಿಯೇ ಕಾಣ್ತವೆ. ಅಂದ್ರೆ ಮುಂದಿನ ಸೈಟ್ ಸುಮಾರು 10 ಮಿ.ಮೀ. ಪಕ್ಕಕ್ಕೆ ಸರಿದ ಹಾಗೆ. 7 ಗಜ ಅಂದ್ರೆ 6400 ಮಿ.ಮೀ. ಅದನ್ನ 153ರಿಂದ ಭಾಗಿಸಿದ್ರೆ 42. ಸೈಟಲ್ಲಿ 1 ಮಿ.ಮೀ. ತಪ್ಪಿದ್ರೆ ಗುರಿಯಲ್ಲಿ 42 ಮಿ.ಮೀ., 10 ತಪ್ಪಿದ್ರೆ 42 ಸೆಂಟಿಮೀಟರ್. ಗುಂಡು ಮನುಷ್ಯನ ಪಕ್ಕದಲ್ಲಿ ಹಾದು ಹೋಯ್ತು, ಅವನ ಹಿಂದೆ ಯಾರಿದ್ರೋ ಅವರ ಕಡೆಗೆ.

ಇನ್ನೊಂದು ತೊಂದರೆ: ಹಿಂದಿನವು ಕಣ್ಣಿಗೆ ಹತ್ತಿರ, ಸಂಖ್ಯೆಯಲ್ಲೂ ಎರಡು. ಮೂರಕ್ಕೂ ಟ್ರಿಟಿಯಂ ತುಂಬಿದ ಒಂದೇ ಅಳತೆಯ ಗಾಜಿನ ಕೊಳವೆ ಹಾಕಿದ್ರೆ ಹಿಂದಿನವೇ ಕಣ್ಣನ್ನ ಎಳೆಯುತ್ತವೆ. ನಮಗೆ ಬೇಕಾದ್ದು ಅದರ ಉಲ್ಟಾ.

ಮೈಸೂರು_ಮಿಷಿಗನ್

ಇಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ದಯವಿಟ್ಟು ತಪ್ಪು ತಿಳಿಯಬೇಡಿ. ಹಾಗಂತ ಹಿಂದಿನದನ್ನ ಪೂರ್ತಿ ಕಪ್ಪು ಮಾಡಿಬಿಟ್ಟರೆ ಮಬ್ಬಲ್ಲಿ ಮುಂದಿನ ಒಂದೇ ಚುಕ್ಕೆ ಗಾಳಿಯಲ್ಲಿ ತೇಲ್ತಾ ಇರುತ್ತೆ. ಅದು ಕಚ್ಚಿನ ಒಳಗಿದೆಯಾ, ಮೇಲೆದ್ದಿದೆಯಾ ಅಂತ ಗೊತ್ತಾಗಲ್ಲ. ಪಿಸ್ತೂಲ್ ಹಿಡಿಯೋ ಅಭ್ಯಾಸ ಚೆನ್ನಾಗಿರೋರಿಗೆ 1-2 ಮಿ.ಮೀ. ತಪ್ಪುತ್ತೆ, ಕೋಣೆಯ ದೂರಕ್ಕೆ ನಡೆಯುತ್ತೆ. ಅಭ್ಯಾಸ ಕಮ್ಮಿ ಇದ್ದು 5 ಮಿ.ಮೀ. ತಪ್ಪಿದ್ರೆ 7 ಗಜದಲ್ಲಿ 21 ಸೆಂಟಿಮೀಟರ್.

ನಡುವಿನ ದಾರಿ ಇದೆ. ಮುಂದೆ ಹಸಿರು ಟ್ರಿಟಿಯಂ, ಸುತ್ತ ದಪ್ಪ ಕಿತ್ತಳೆ ಅಥವಾ ಹಳದಿ ಬಳೆ. ಹಿಂದೆ ಟ್ರಿಟಿಯಂ ಇರಲಿ, ಆದರೆ ಬಿಳಿ ಬಳೆ ಇಲ್ಲದೆ, ಮಂದವಾಗಿ. ಹಗಲಲ್ಲಿ ಹಿಂದಿನದು ಕಪ್ಪಾಗಿಯೇ ಕಾಣುತ್ತೆ, ಕತ್ತಲಲ್ಲಿ ಕಣ್ಣಿಗೆ ಆಧಾರ ಕೊಡುವಷ್ಟು ಮಾತ್ರ ಮಿನುಗುತ್ತೆ. ಟ್ರಿಜಿಕಾನ್ ಎಚ್‌ಡಿ ಹೀಗೇ ಇದೆ. ಅಮೆರಿಗ್ಲೋ, ನೈಟ್ ಫಿಷನ್ ಅವರಲ್ಲೂ ಇದೇ ಜೋಡಣೆ ಸಿಗುತ್ತೆ. ನೈಟ್ ಫಿಷನ್‌ನಲ್ಲಿ ಮುಂದೆ ಒಂದು ಬಣ್ಣ, ಹಿಂದೆ ಒಂದು ಬಣ್ಣ ಅಂತ ಆರಿಸ್ಕೋಬಹುದು.

ಬಣ್ಣ ಕೇಳಿದ್ರಲ್ಲ. ಎರಡು ಬಣ್ಣ ಬೇರೆ ಬೇರೆ ಯೋಚಿಸಿ. ಕತ್ತಲ ಬಣ್ಣ ಕೊಳವೆಯದ್ದು: ಹಸಿರೇ ತಗೊಳ್ಳಿ, ಮಬ್ಬಲ್ಲಿ ನಮ್ಮ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುತ್ತೆ, ಅಷ್ಟೇ ಅನಿಲಕ್ಕೆ ಹಸಿರು ಹೆಚ್ಚು ಪ್ರಕಾಶವಾಗಿ ಕಾಣುತ್ತೆ. ಹಗಲಿನ ಬಣ್ಣ ಸುತ್ತಲಿನ ಬಳೆಯದ್ದು: ಕಿತ್ತಳೆಯೋ ಹಳದಿ-ಹಸಿರೋ ನಿಮ್ಮ ಕಣ್ಣಿಗೆ ಬಿಟ್ಟದ್ದು. ಕೆಂಪು-ಹಸಿರು ಗುರುತಿಸೋದು ಕಷ್ಟ ಇರೋರಿಗೆ ಕಿತ್ತಳೆ ಮಂಕಾಗಿ ಕಾಣುತ್ತೆ, ಅವರಿಗೆ ಹಳದಿ ಒಳ್ಳೆಯದು.

ಆ ಬಳೆಯೂ ಕತ್ತಲಲ್ಲಿ ಹೊಳೆಯುತ್ತೆ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತೆ. ನಿಜ, ಆದರೆ ಬೆಳಕು ಕುಡಿದ ಮೇಲೆ. ದಿನವಿಡೀ ಅಂಗಿ ಕೆಳಗೆ ಹೋಲ್‌ಸ್ಟರ್‌ನಲ್ಲಿ ಕೂತ ಸೈಟಿಗೆ ಬೆಳಕು ಎಲ್ಲಿಂದ ಬರಬೇಕು? ನಿಮ್ಮ ಬಳಕೆಗೆ ಆ ಹೊಳಪನ್ನ ಲೆಕ್ಕಕ್ಕೆ ಇಡಬೇಡಿ.

ಲ್ಯಾಬ್_ಕನ್ನಡಿಗ

ಟ್ರಿಟಿಯಂ ಬಗ್ಗೆ ಸ್ವಲ್ಪ. ಇದು ಹೈಡ್ರೋಜನ್-3. ಸಣ್ಣ ಗಾಜಿನ ಕೊಳವೆಯ ಒಳಗೋಡೆಗೆ ಫಾಸ್ಫರ್ ಬಳಿದು, ಒಳಗೆ ಅನಿಲ ತುಂಬಿ, ಬಾಯಿ ಕರಗಿಸಿ ಮುಚ್ಚಿರುತ್ತಾರೆ. ಅನಿಲದಿಂದ ಹೊರಡುವ ಬೀಟಾ ಕಣ ಫಾಸ್ಫರ್‌ಗೆ ಬಡಿದು ಬೆಳಕಾಗುತ್ತದೆ. ಬ್ಯಾಟರಿ ಬೇಡ, ಬಿಸಿಲು ಬೇಡ.

ಅರ್ಧಾಯುಷ್ಯ 12.3 ವರ್ಷ. ವರ್ಷಕ್ಕೆ ಸುಮಾರು ಶೇ. 5.5 ಇಳಿಯುತ್ತದೆ. 5 ವರ್ಷಕ್ಕೆ ಶೇ. 75 ಉಳಿಯುತ್ತದೆ, 10 ವರ್ಷಕ್ಕೆ ಶೇ. 57, 20 ವರ್ಷಕ್ಕೆ ಮೂರರಲ್ಲಿ ಒಂದು ಪಾಲು. ಇದು ಅನಿಲದ ಲೆಕ್ಕ ಮಾತ್ರ. ಫಾಸ್ಫರ್ ಕೂಡ ಸವೆಯುವುದರಿಂದ ಕಣ್ಣಿಗೆ ಕಾಣುವ ಬೆಳಕು ಇದಕ್ಕಿಂತ ಬೇಗ ಇಳಿಯುತ್ತದೆ. ಬಳಸಿದರೂ ಬಳಸದಿದ್ದರೂ ಗಡಿಯಾರ ಓಡುತ್ತಲೇ ಇರುತ್ತದೆ. ಆದ್ದರಿಂದ "ಹೊಸದು, ಪೆಟ್ಟಿಗೆ ತೆರೆದಿಲ್ಲ" ಎಂದು ಅಗ್ಗಕ್ಕೆ ಸಿಕ್ಕರೆ ತಯಾರಾದ ವರ್ಷ ಕೇಳಿ. ಕೆಲವು ತಯಾರಕರು ಸೈಟಿನ ಮೇಲೆಯೇ ಅಥವಾ ಪೊಟ್ಟಣದ ಮೇಲೆ ವರ್ಷ ಒತ್ತಿರುತ್ತಾರೆ. 6 ವರ್ಷ ಗೋದಾಮಿನಲ್ಲಿದ್ದ ಸೈಟಿಗೆ ಪೂರ್ತಿ ಬೆಲೆ ಕೊಡಬೇಡಿ.

ಅಪಾಯದ ಪ್ರಶ್ನೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಬೀಟಾ ಕಣ ಗಾಜನ್ನೇ ದಾಟುವುದಿಲ್ಲ, ಚರ್ಮವನ್ನೂ ದಾಟುವುದಿಲ್ಲ. ಸೊಂಟದಲ್ಲಿ ದಿನವಿಡೀ ಇದ್ದರೂ ಚಿಂತೆಯಿಲ್ಲ. ಕೊಳವೆ ಒಡೆದಾಗ ಮಾತ್ರ ಉಸಿರಿನ ಮೂಲಕ, ಕೈಯಿಂದ ಬಾಯಿಗೆ ಹೋಗಬಹುದು. ಒಡೆದರೆ ಕಿಟಕಿ ತೆರೆದು ಕೋಣೆಯಿಂದ ಹೊರಗೆ ಬನ್ನಿ, ಗಾಳಿ ಆಡಲಿ. ಆಮೇಲೆ ಕೈಗವಸು ಹಾಕಿ ಚೂರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕೈ ಚೆನ್ನಾಗಿ ಸೋಪು ಹಾಕಿ ತೊಳೆಯಿರಿ, ತಯಾರಕರಿಗೆ ಫೋನ್ ಮಾಡಿ ವಾಪಸ್ ಕಳಿಸುವ ವಿಧಾನ ಕೇಳಿ. ಹಳೆಯದಾಗಿ ಮಂಕಾದ ಸೈಟನ್ನೂ ಕಸದ ಬುಟ್ಟಿಗೆ ಹಾಕುವ ಬದಲು ತಯಾರಕರಿಗೇ ಹಿಂತಿರುಗಿಸಿ. ಅಮೆರಿಕದಲ್ಲಿ ಇವನ್ನು ತಯಾರಿಸಿ ಮಾರಲು ಪರಮಾಣು ನಿಯಂತ್ರಣ ಆಯೋಗದ ಪರವಾನಗಿ ಬೇಕು. ಕೊಂಡು ಬಳಸುವವರಿಗೆ ಬೇಡ. ಆದರೆ ಕೊಳವೆಯನ್ನು ಸೈಟಿನಿಂದ ಕಿತ್ತು ಬೇರೆಯದಕ್ಕೆ ಹಾಕುವ ಪ್ರಯೋಗ ಮನೆಯಲ್ಲಿ ಮಾಡುವಂಥದ್ದಲ್ಲ.

ಮೈಸೂರು_ಮಿಷಿಗನ್

ಕನ್ನಡಕದ ವಿಷಯಕ್ಕೆ ಬರ್ತೀನಿ, 46 ಅಂದ್ರಲ್ಲ. ಪ್ರೋಗ್ರೆಸಿವ್‌ನಲ್ಲಿ ಹತ್ತಿರದ ಪವರ್ ಕೆಳಭಾಗದಲ್ಲಿ ಇರುತ್ತೆ. ಮುಂದಿನ ಸೈಟ್ ಚೂಪಾಗಿ ಕಾಣಬೇಕು ಅಂತ ತಲೆ ಹಿಂದಕ್ಕೆ ಎತ್ತೋದು, ಗಲ್ಲ ಮುಂದೆ ಚಾಚೋದು ಶುರುವಾಗುತ್ತೆ. ಆ ಭಂಗಿ ಅಭ್ಯಾಸ ಆಗಬಾರದು, ಕುತ್ತಿಗೆ ಹಿಡಿಯುತ್ತೆ, ಪಿಸ್ತೂಲೂ ಪ್ರತಿ ಸಲ ಬೇರೆ ಎತ್ತರಕ್ಕೆ ಬರುತ್ತೆ. ಕಣ್ಣಿನ ಡಾಕ್ಟರಿಗೆ ಟೇಪಿನಲ್ಲಿ ಅಳೆದು ಹೇಳಿ: ಇಲ್ಲಿಂದ 28 ಇಂಚು ಸ್ಪಷ್ಟ ಕಾಣಬೇಕು ಅಂತ. ಪಿಸ್ತೂಲ್ ತಗೊಂಡು ಹೋಗಬೇಕಿಲ್ಲ, ಅಳತೆ ಸಾಕು. ರೇಂಜಿಗೆ ಅಂತಲೇ ಒಂದು ಜೊತೆ ಮಾಡಿಸ್ಕೊಳ್ಳೋರು ಇದ್ದಾರೆ.

ಆದರೆ ಪಾರ್ಕಿಂಗ್ ಲಾಟಲ್ಲಿ ಇರೋದು ದಿನದ ಕನ್ನಡಕವೇ. ಅದರಲ್ಲಿ ಮುಂದಿನ ಸೈಟ್ ಮಸುಕಾಗಿಯೇ ಕಾಣೋದು. ಆ ಮಸುಕಲ್ಲೂ ಗೊತ್ತಾಗೋದು ದಪ್ಪ ಬಣ್ಣದ ಬಳೆ. ತೆಳುವಾದ ಕಪ್ಪು ಸೈಟಿನ ಅಂಚು ಎರಡೆರಡಾಗಿ ಕಾಣುತ್ತೆ. ಹಾಗಾಗಿ ನಿಮಗೆ ಎಕ್ಸ್‌ಆರ್‌ಗಿಂತ ಮಾಮೂಲಿ ಎಚ್‌ಡಿಯ ಅಗಲ, ಅಥವಾ ಅಷ್ಟೇ ದಪ್ಪ ಬಳೆಯ ಬೇರೆ ಯಾವುದಾದರೂ ಸರಿಹೋಗಬಹುದು. ಎಕ್ಸ್‌ಎಸ್ ಕಂಪನಿಯ ಬಿಗ್ ಡಾಟ್ ಇನ್ನೂ ದೊಡ್ಡದು, ಹಿಂದೆ ಅಗಲವಾದ ವಿ ಆಕಾರ, ಅದರ ಮೇಲೆ ಚೆಂಡು ಇಟ್ಟ ಹಾಗೆ. ಹತ್ತಿರಕ್ಕೆ ಬಹಳ ವೇಗ. 25 ಗಜದಲ್ಲಿ ಮಾತ್ರ ಎತ್ತರ ಹಿಡಿಯೋದು ಕಷ್ಟ, ಕಣ್ಣಿಗೆ ಹಿಡಿಯೋಕೆ ಚೌಕದ ಮೇಲಂಚು ಇಲ್ಲ.

ಕೊಳ್ಳೋ ಮುಂಚೆ ಹೀಗೆ ಮಾಡಿ: ಈಗಿರೋ ಪ್ಲಾಸ್ಟಿಕ್ ಮುಂದಿನ ಸೈಟಿನ ಮುಖಕ್ಕೆ ಮೊದಲು ಬಿಳಿ ನೇಲ್ ಪಾಲಿಶ್, ಒಣಗಿದ ಮೇಲೆ ಫ್ಲೋರೆಸೆಂಟ್ ಕಿತ್ತಳೆ ಎರಡು ಪದರ. ಹಿಂದಿನ ಬಿಳಿ ಗೆರೆಗೆ ಕಪ್ಪು ಮಾರ್ಕರ್. ಒಂದು ವಾರ ಬೇರೆ ಬೇರೆ ಬೆಳಕಲ್ಲಿ ಖಾಲಿ ಪಿಸ್ತೂಲ್ ಎತ್ತಿ ನೋಡಿ. ಯಾವ ಬಣ್ಣ ನಿಮ್ಮ ಕಣ್ಣಿಗೆ ಅಂತ ಎರಡು ಡಾಲರಿನಲ್ಲಿ ಗೊತ್ತಾಗುತ್ತೆ.

ತುಂಗಾತೀರ_ಟೆಕ್ಸಾಸ್

ಇದು ಇವತ್ತೇ ಮಾಡ್ತೀನಿ. ಕೂರಿಸೋದು ಹೇಗೆ ಸರ್? ಸುತ್ತಿಗೆ, ಪಂಚ್ ಸಾಕಾ?

ಬೆಂಚ್‌ವೈಸ್

ಸಾಕಾಗುತ್ತೆ, ಆದ್ರೆ ಟ್ರಿಟಿಯಂ ಕೊಳವೆ ಇರೋ ಸೈಟಿಗೆ ಸುತ್ತಿಗೆ ಏಟು ಬೇಡ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಸೈಟ್ ಪುಷರ್ (ಸೈಟನ್ನ ಒತ್ತಿ ಸರಿಸೋ ಉಪಕರಣ) ತಗೊಳ್ಳಿ, ಇಲ್ಲಾಂದ್ರೆ ರೇಂಜಿನ ಗನ್‌ಸ್ಮಿತ್‌ಗೆ ಕೊಡಿ, ಹತ್ತು ನಿಮಿಷದ ಕೆಲಸ. ಮನೆಯಲ್ಲಿ ಮಾಡೋದಾದ್ರೆ ಹೀಗೆ:

ಮ್ಯಾಗಜೀನ್ ತೆಗೆಯಿರಿ, ಚೇಂಬರ್ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ. ಗುಂಡುಗಳೆಲ್ಲ ಬೇರೆ ಕೋಣೆಗೆ. ಗ್ಲಾಕ್ ಬಿಚ್ಚೋಕೆ ಟ್ರಿಗರ್ ಒತ್ತಲೇಬೇಕು, ಅದಕ್ಕೇ ಇದನ್ನ ಎರಡೆರಡು ಸಲ ಮಾಡಿ. ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರೋ ಭಾಗ) ಬೇರೆ ಮಾಡಿ, ಬ್ಯಾರೆಲ್ಲು ಸ್ಪ್ರಿಂಗು ಹೊರಗಿಡಿ.

ಮುಂದಿನ ಸೈಟಿನ ಸ್ಕ್ರೂ ಸ್ಲೈಡಿನ ಒಳಗಿಂದ ಬರುತ್ತೆ. ಅದಕ್ಕೆ 3/16 ಇಂಚಿನ, ತೆಳು ಗೋಡೆಯ ನಟ್ ಡ್ರೈವರ್ ಬೇಕು. ಮಾಮೂಲಿ ಸಾಕೆಟ್ ದಪ್ಪ, ಒಳಗೆ ಹೋಗಲ್ಲ. ಗ್ಲಾಕ್ ಫ್ರಂಟ್ ಸೈಟ್ ಟೂಲ್ ಅಂತಲೇ ಕೆಲವೇ ಡಾಲರಿಗೆ ಸಿಗುತ್ತೆ. ಹಳೆ ಜೆನ್‌ಗಳಲ್ಲಿ ಸ್ಕ್ರೂ ಇಲ್ಲದೆ ಪ್ಲಾಸ್ಟಿಕ್ ಕಾಲನ್ನೇ ಒಳಗಿಂದ ಅಗಲಿಸಿ ಕೂರಿಸಿರೋದೂ ಉಂಟು, ಅದನ್ನ ಇಕ್ಕಳದಲ್ಲಿ ತಿರುಚಿ ಕಿತ್ತುಬಿಡಿ, ಮತ್ತೆ ಬಳಸೋದಿಲ್ಲ.

ತೂತು, ಸ್ಕ್ರೂ, ಸೈಟಿನ ಮರೆ (ಥ್ರೆಡ್) ಮೂರನ್ನೂ ಐಸೋಪ್ರೊಪಿಲ್ ಆಲ್ಕೋಹಾಲಲ್ಲಿ ಒರೆಸಿ ಒಣಗಿಸಿ. ಎಣ್ಣೆ ಪಸೆ ಇದ್ರೆ ಲಾಕ್‌ಟೈಟ್ (ಸ್ಕ್ರೂ ಸಡಿಲ ಆಗದ ಹಾಗೆ ಹಾಕೋ ಅಂಟು) ಹಿಡಿಯಲ್ಲ, ನೂರು ಗುಂಡಿಗೆ ಸೈಟ್ ಅಲ್ಲಾಡುತ್ತೆ. ನೀಲಿ ಲಾಕ್‌ಟೈಟ್ 242 ಒಂದು ಹನಿ, ಸ್ಕ್ರೂ ಮರೆಗೆ ಮಾತ್ರ. ಕೆಂಪು ಬೇಡವೇ ಬೇಡ. ಅದನ್ನ ಬಿಡಿಸೋಕೆ 250 ಡಿಗ್ರಿ ಸೆಲ್ಸಿಯಸ್ ಸುತ್ತ ಕಾಯಿಸಬೇಕು, ಅಷ್ಟರಲ್ಲಿ ಬಣ್ಣದ ಬಳೆಯೂ ಕೊಳವೆಯ ಮೆತ್ತೆಯೂ ಹಾಳು. ಸ್ಕ್ರೂ ಬಿಗಿಯೋವಾಗ ಮೊಣಕೈ ಬಲ ಹಾಕಬೇಡಿ, ಬೆರಳು ಮಣಿಕಟ್ಟಿನ ಬಲ ಸಾಕು. ತಯಾರಕರ ಹಾಳೆಯಲ್ಲಿ ಟಾರ್ಕ್ ಬರೆದಿದ್ರೆ ಅದೇ ಅಂತಿಮ. ಈ ಸ್ಕ್ರೂ ಬಡಕಲು, ಹೆಚ್ಚು ಬಿಗಿದ್ರೆ ಕತ್ತು ಮುರಿದು ಕಾಲು ಸೈಟಲ್ಲೇ ಉಳಿಯುತ್ತೆ. ಬಿಗಿಯೋವಾಗ ಸೈಟ್ ಕೂದಲೆಳೆ ತಿರುಗುತ್ತೆ, ಇನ್ನೊಂದು ಕೈಯಲ್ಲಿ ನೆಟ್ಟಗೆ ಹಿಡಿದಿರಿ. 24 ಗಂಟೆ ಬಿಡಿ.

ಹಿಂದಿನದು ಡವ್‌ಟೇಲ್, ಅಂದ್ರೆ ಸ್ಲೈಡಿನ ಅಡ್ಡ ಸೀಳಿನಲ್ಲಿ ಬಿಗಿಯಾಗಿ ಕೂರೋದು. ಹೊಸ ಸೈಟ್ ಕೈಯಲ್ಲಿ ಒತ್ತಿದ್ರೆ ಮೂರರಲ್ಲಿ ಒಂದು ಪಾಲು ಹೋಗಿ ನಿಲ್ಲಬೇಕು, ಅದೇ ಸರಿಯಾದ ಬಿಗಿ. ತುದಿಯೂ ಹೋಗದಿದ್ರೆ ಸೈಟಿನ ತಳಕ್ಕೆ ಸಣ್ಣ ಅರ ಹಾಕಿ, ಎರಡು ಮೂರು ಎಳೆತಕ್ಕೊಮ್ಮೆ ಇಟ್ಟು ನೋಡಿ. ಸ್ಲೈಡಿಗೆ ಅರ ಮುಟ್ಟಿಸಲೇಬಾರದು. ಸೈಟ್ ಕೆಟ್ಟರೆ ನೂರು ಡಾಲರ್, ಸ್ಲೈಡ್ ಕೆಟ್ಟರೆ ಪಿಸ್ತೂಲೇ ಹೋಯ್ತು. ಪೂರ್ತಿ ಸಡಿಲ ಹೋದ್ರೆ ಆ ಸೈಟ್ ವಾಪಸ್ ಕಳಿಸಿ. ಲಾಕ್‌ಟೈಟಲ್ಲಿ ಅಂಟಿಸಿ ನಡೆಸೋದು ಬೇಡ. ಪುಷರ್‌ನ ಒತ್ತುಗಟ್ಟಿ ಸೈಟಿನ ಬುಡಕ್ಕೆ ತಾಗಬೇಕು. ಮೇಲಿನ ಕಿವಿಗಳಿಗೆ ತಾಗಿದ್ರೆ ಸೈಟ್ ವಾಲುತ್ತೆ, ಕೊಳವೆಗೆ ಒತ್ತಡ ಬೀಳುತ್ತೆ. ಸ್ಲೈಡಿನ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಇದ್ರೆ ಗೀರು ಬೀಳಲ್ಲ.

ನಡುವಿಗೆ ಬಂತಾ ಅಂತ ಕಣ್ಣಂದಾಜು ಬೇಡ. ವರ್ನಿಯರ್‌ನಲ್ಲಿ ಸ್ಲೈಡಿನ ಎಡ ಅಂಚಿಂದ ಸೈಟಿಗೆ, ಬಲ ಅಂಚಿಂದ ಸೈಟಿಗೆ ಅಳೆಯಿರಿ. ಗ್ಲಾಕ್ 19ರ ಸ್ಲೈಡ್ ಅಗಲ 25.5 ಮಿ.ಮೀ. ಎರಡೂ ಕಡೆ ಸಮ ಬಂದ್ರೆ ನಿಲ್ಲಿಸಿ.

ಜೋಡಿಸಿದ ಮೇಲೆ ಸ್ಲೈಡ್ ಇಪ್ಪತ್ತು ಸಲ ಎಳೆದು ಬಿಚ್ಚಿ ನೋಡಿ. ಬ್ಯಾರೆಲ್ ಮೇಲೆ ಹೊಸ ಹೊಳೆಯೋ ಗೀರು ಇದ್ರೆ ಮುಂದಿನ ಸ್ಕ್ರೂ ಉದ್ದ ಹೆಚ್ಚು ಅಂತ ಅರ್ಥ.

ಹುಬ್ಬಳ್ಳಿ_ಹ್ಯೂಸ್ಟನ್

3 ಇಂಚು ಕೆಳಗ ಬೀಳೋ ಮಾತು ಬಾಕಿ ಉಳಿದೈತಿ.

ಸೂತ್ರ ಸಾದಾ ಐತ್ರಿ: ಗುರಿಯ ಮ್ಯಾಲಿನ ತಪ್ಪು ಗುಣಿಸು ಸೈಟುಗಳ ನಡುವಿನ ದೂರ, ಭಾಗಿಸು ಗುರಿಯ ದೂರ. 3 ಗುಣಿಸು 6, ಭಾಗಿಸು 540 (15 ಗಜ ಅಂದ್ರ 540 ಇಂಚು). 0.033 ಇಂಚು, ಅಂದ್ರ 0.85 ಮಿ.ಮೀ. ಗುಂಡು ಮ್ಯಾಲೆ ಬರಬೇಕಂದ್ರ ಹಿಂದಿನ ಸೈಟು ಅಷ್ಟು ಎತ್ತರ ಆಗಬೇಕು, ಇಲ್ಲಾ ಮುಂದಿಂದು ಅಷ್ಟು ಗಿಡ್ಡ ಆಗಬೇಕು. ಗ್ಲಾಕ್ ಕಂಪನಿ ಹಿಂದಿನ ಸೈಟು 6.1, 6.5, 6.9, 7.3 ಮಿ.ಮೀ. ಎತ್ತರದಾಗ ಬರ್ತಾವ. ಮಾಮೂಲಿ 6.5. ಒಂದು ಮೆಟ್ಟಿಲಿಗೆ 0.4. ನಿಮ್ಮ ಲೆಕ್ಕಕ್ಕ ಎರಡು ಮೆಟ್ಟಿಲು ಬೇಕು, 7.3.

ಎರಡು ಮೆಟ್ಟಿಲು ಬೇಕಂದ್ರ ನನಗ ಅನುಮಾನ ಬರ್ತದ. ಸೈಟು ಬದಲಿ ಮಾಡೋದಕ್ಕಿಂತ ಮೊದಲ ಇದನ್ನ ನೋಡ್ರಿ: ಮೇಜಿನ ಮ್ಯಾಲೆ ಮರಳಿನ ಚೀಲಕ್ಕ ಕೈ ಆನಿಸಿ, 15 ಗಜದಾಗ 5 ಗುಂಡಿನ ಮೂರು ಗುಂಪು ನಿಧಾನಕ ಹೊಡೀರಿ. ಗುಂಪು ನಡುವಿಗೇ ಬಂದ್ರ ದೋಷ ಟ್ರಿಗರ್ ಒತ್ತೋದರಾಗ ಐತಿ, ಗುಂಡು ಹಾರೋ ಮುಂಚೆ ಮಣಿಕಟ್ಟು ಕೆಳಗ ಬಗ್ಗತೈತಿ. ಬಲಗೈಯವರಿಗೆ ಕೆಳಗ ಎಡಕ್ಕ ಬೀಳೋದು ಇದರದ ಗುರುತು. ಚೀಲಕ್ಕ ಆನಿಸಿದಾಗೂ 3 ಇಂಚು ಕೆಳಗಂದ್ರ ಸೈಟಿನ ಎತ್ತರ ಬದಲಿಸ್ರಿ.

ಗುಂಡಿನ ತೂಕನೂ ಲೆಕ್ಕಕ್ಕ ಬರ್ತದ. 147 ಗ್ರೇನ್ (ಗುಂಡಿನ ತೂಕದ ಅಳತಿ) ಗುಂಡು ನಿಧಾನ ಹೋಗ್ತದ, ಬ್ಯಾರೆಲಿನಾಗ ಹೆಚ್ಚು ಹೊತ್ತು ಇರ್ತದ, ಅಷ್ಟರಾಗ ಮೂತಿ ಎದ್ದಿರ್ತದ. ಅದಕ್ಕ 115ಕ್ಕಿಂತ ಸ್ವಲ್ಪ ಮ್ಯಾಲೆ ಬೀಳ್ತದ. ದಿನಾ ಒಯ್ಯೋ ಗುಂಡಿನಾಗ ಸೈಟು ಹೊಂದಿಸ್ರಿ, ಅಗ್ಗದ ಪ್ರಾಕ್ಟೀಸ್ ಗುಂಡಿನಾಗ ಅಲ್ಲ.

ಎಡ ಬಲಕ್ಕ: ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟು ಆ ಕಡೆ ಸರಸ್ರಿ. 10 ಗಜದಾಗ 1 ಮಿ.ಮೀ. ಸರಿಸಿದ್ರ 60 ಮಿ.ಮೀ. ಹೋಗ್ತದ. ಕೂದಲೆಳಿಯಷ್ಟ ಸರಿಸಿ ಹೊಡೆದು ನೋಡ್ರಿ.

ನ್ಯೂಜೆರ್ಸಿ_ಕಾವೇರಿ

ಬೇರೆ ಪಿಸ್ತೂಲ್ ಇರೋರು ಇದನ್ನ ಓದಿ ಹಾಗೇ ಮಾಡಿಬಿಡಬಹುದು ಅಂತ ಎರಡು ಎಚ್ಚರಿಕೆ.

ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ ಸರಣಿಯಲ್ಲಿ ಹಿಂದಿನ ಸೈಟಿನ ಕೆಳಗೆ ಸ್ಟ್ರೈಕರ್ (ಗುಂಡಿಗೆ ಹೊಡೆಯೋ ಮೊಳೆ) ತಡೆಯೋ ಗೂಟದ ಸಣ್ಣ ಸ್ಪ್ರಿಂಗ್, ಅದರ ಮೇಲೆ ಒಂದು ಟೋಪಿ ಇರುತ್ತೆ. ಸೈಟ್ ಸರಿಸಿದ ಕೂಡಲೇ ಎರಡೂ ಹಾರಿಹೋಗುತ್ತೆ, ಕಾರ್ಪೆಟ್ ಮೇಲೆ ಬಿದ್ದರೆ ಸಿಗಲ್ಲ. ಅದು ಸುರಕ್ಷತೆಯ ಭಾಗ, ಇಲ್ಲದೆ ಜೋಡಿಸಿ ಬಳಸಲೇಬಾರದು. ಸೈಟ್ ಸರಿಯುವಾಗ ತೂತಿನ ಮೇಲೆ ಬೆರಳು ಒತ್ತಿಟ್ಟಿರಿ. ಗ್ಲಾಕ್‌ನಲ್ಲಿ ಹಿಂದಿನ ಸೈಟಿನ ಕೆಳಗೆ ಇಂಥದ್ದೇನೂ ಇಲ್ಲ.

ಸಿಗ್ ಪಿ365ರಲ್ಲಿ ಮುಂದಿನದೂ ಡವ್‌ಟೇಲ್, ಎರಡಕ್ಕೂ ಪುಷರ್ ಬೇಕು. 2018ರಲ್ಲಿ ಬಂದಾಗಿಂದಲೇ ಅದಕ್ಕೆ ಕಂಪನಿಯ ಟ್ರಿಟಿಯಂ ಸೈಟ್ ಬರ್ತಿತ್ತು, ಹಾಗಾಗಿ ಮೊದಲ ವರ್ಷಗಳವು ಈಗ ಮಂಕಾಗ್ತಾ ಬಂದಿರುತ್ತವೆ. ಗ್ಲಾಕ್ 43, 43ಎಕ್ಸ್, 48 ತೆಳು ಸ್ಲೈಡಿನವು. 19ರ ಸೆಟ್ ಅದಕ್ಕೆ ತಗೋಬೇಡಿ, ಅವಕ್ಕೆ ಬೇರೆ ನಂಬರ್.

ಮುಂದೆ ರೆಡ್ ಡಾಟ್ ಹಾಕೋ ಯೋಚನೆ ಇದ್ರೆ ಈಗ ದುಡ್ಡು ಹಾಕೋ ಸೈಟ್ ಗಾಜಿನೊಳಗೆ ಕಾಣಲ್ಲ, ಆಗ ಎತ್ತರದ್ದೇ ಬೇಕಾಗುತ್ತೆ. ಅದು ಗೊತ್ತಿರಲಿ.

ಇನ್ನು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಮಾತು. ಎಚ್-1ಬಿ, ಎಲ್-1, ವಿದ್ಯಾರ್ಥಿ ವೀಸಾದಲ್ಲಿ ಇರೋರು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕು, ಗುಂಡು ಇಟ್ಟುಕೊಳ್ಳೋ ಹಾಗಿಲ್ಲ. ಬೇಟೆಯ ಪರವಾನಗಿ ಇರೋರಿಗೆ ಮುಂತಾದ ಕೆಲವು ವಿನಾಯಿತಿ ಮಾತ್ರ ಇವೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಗೆಳೆಯರ ಪಿಸ್ತೂಲಿನ ಸೈಟ್ ಬದಲಿಸಿ ಕೊಡೋ ಉತ್ಸಾಹಕ್ಕೆ ಮುಂಚೆ ವಕೀಲರನ್ನ ಕೇಳಿ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಪರವಾನಗಿ ಇಲ್ಲದೆ ಒಯ್ಯಬಹುದು ಅನ್ನೋದು ಬಂದೂಕು ಇಟ್ಟುಕೊಳ್ಳೋ ಹಕ್ಕು ಇರೋರಿಗೆ ಮಾತ್ರ ಅನ್ವಯ.

ಮಡಿಕೇರಿ_ಮಂಜು

ನಾನು ಇಲ್ಲೇ ಊರಿನಲ್ಲಿ ಇರುವವ. ಲೈಸೆನ್ಸ್ ಇರುವ .32 ಪಿಸ್ತೂಲ್ ಒಂದಿದೆ, ಮುಂದಿನ ಸೈಟ್ ಸ್ಲೈಡಿನ ಜೊತೆಯೇ ಕಡೆದದ್ದು. ಅಲ್ಲಿಂದ ಬರುವವರ ಕೈಲಿ ಟ್ರಿಟಿಯಂ ಸೈಟ್ ತರಿಸಿದರೆ ಏನಾದರೂ ಮಾಡಬಹುದಾ?

ನ್ಯೂಜೆರ್ಸಿ_ಕಾವೇರಿ

ದಯವಿಟ್ಟು ತರಿಸಬೇಡಿ ಸರ್, ತರುವವರೂ ಒಪ್ಪಿಕೊಳ್ಳಬೇಡಿ. ಬಂದೂಕಿನ ಭಾಗ ಅಂತ ಒಂದು ಕಡೆ, ವಿಕಿರಣದ ವಸ್ತು ಅಂತ ಇನ್ನೊಂದು ಕಡೆ, ವಿಮಾನ ನಿಲ್ದಾಣದಲ್ಲಿ ಎರಡಕ್ಕೂ ಉತ್ತರ ಕೊಡಬೇಕಾಗುತ್ತೆ. ಅಲ್ಲದೆ ಒಂದೇ ಲೋಹದಲ್ಲಿ ಕಡೆದ ಸೈಟಿಗೆ ಇದನ್ನ ಕೂರಿಸೋಕೆ ಸ್ಲೈಡ್ ಕೊರೆಯಬೇಕು. ಭಾರತದಲ್ಲಿ ಬಂದೂಕಿನ ರಿಪೇರಿ, ಮಾರ್ಪಾಡು ಲೈಸೆನ್ಸ್ ಇರೋ ಗನ್‌ಸ್ಮಿತ್ ಮಾತ್ರ ಮಾಡಬಹುದು. ಮೇಲೆ ಹೇಳಿದ ನೇಲ್ ಪಾಲಿಶ್ ನಿಮಗೆ ನಿಜವಾಗಿ ಕೆಲಸಕ್ಕೆ ಬರುತ್ತೆ. ಆಲ್ಕೋಹಾಲಲ್ಲಿ ಎಣ್ಣೆ ತೆಗೆದು, ಬಿಳಿ ಒಂದು ಪದರ, ಕಿತ್ತಳೆ ಎರಡು, ಮೇಲೆ ಬಣ್ಣವಿಲ್ಲದ್ದು ಒಂದು. ನಿಮ್ಮ ಕಡೆ ಮಳೆಗಾಲದ ತೇವದಲ್ಲಿ ಪ್ರತಿ ಪದರಕ್ಕೂ ಒಂದು ರಾತ್ರಿ ಒಣಗೋಕೆ ಬಿಡಿ. ಎಣ್ಣೆ ಹಾಕಿ ಒರೆಸುವಾಗ ಆ ಮುಖ ಬಿಟ್ಟು ಒರೆಸಿ.

ತುಂಗಾತೀರ_ಟೆಕ್ಸಾಸ್

ಚೀಲಕ್ಕೆ ಆನಿಸಿ ಹೊಡೆದಾಗ ಮೂರು ಗುಂಪೂ ನಡುವಿಗಿಂತ ಅರ್ಧ ಇಂಚು ಕೆಳಗೆ, ಅಷ್ಟೇ. ಅಂದ್ರೆ ಮಿಕ್ಕದ್ದು ನನ್ನ ಮಣಿಕಟ್ಟು. ಎತ್ತರದ ಸೈಟ್ ವಿಚಾರ ಬಿಟ್ಟೆ, ಸೆಟ್ಟಲ್ಲಿ ಬಂದ ಎತ್ತರವೇ ಇರಲಿ. ನೇಲ್ ಪಾಲಿಶ್‌ನಲ್ಲಿ ಕಿತ್ತಳೆ ನನ್ನ ಕಣ್ಣಿಗೆ ಬೇಗ ಸಿಗ್ತಿದೆ. ಮುಂದೆ ಹಸಿರು ಟ್ರಿಟಿಯಂ, ದಪ್ಪ ಕಿತ್ತಳೆ ಬಳೆ, ಹಿಂದೆ ಬಳೆ ಇಲ್ಲದ ಮಂದ ಚುಕ್ಕೆ, 0.144 ಮುಂದಿನ ಅಗಲ, ಇದನ್ನೇ ತಗೊಳ್ತೀನಿ. ಹೋಲ್‌ಸ್ಟರ್ ಬದಲಿಸಬೇಕಾ?

ಬೆಂಚ್‌ವೈಸ್

ಮೊದಲು ಪಿಸ್ತೂಲ್ ಖಾಲಿ ಮಾಡಿ ಹತ್ತು ಸಲ ಒಳಗೆ ಹೊರಗೆ ಮಾಡಿ ನೋಡಿ. ಮುಂದಿನ ಸೈಟ್ ಹೋಗೋ ಕಾಲುವೆಯ ಗೋಡೆಯಲ್ಲಿ ಕಪ್ಪು ಪುಡಿ ಉದುರಿದ್ರೆ ಅಥವಾ ಕಿತ್ತಳೆ ಬಳೆ ಮೇಲೆ ಕೈಡೆಕ್ಸ್ ಗುರುತು ಕೂತ್ರೆ ಕಾಲುವೆ ಸಣ್ಣದು. ಹೀಟ್ ಗನ್ (ಬಿಸಿಗಾಳಿ ಊದೋ ಉಪಕರಣ) ಹಿಡಿದು ಬಿಸಿ ಮಾಡಿ ಹೊಂದಿಸಬಹುದು, ಆದ್ರೆ ಒಳಗೆ ಪಿಸ್ತೂಲ್ ಇಟ್ಟು ಬಿಸಿ ಮಾಡಬೇಡಿ, ಮರದ ಪಟ್ಟಿ ಇಟ್ಟು ಮಾಡಿ.

ಕೂರಿಸಿ, 24 ಗಂಟೆ ಕಳೆದ ಮೇಲೆ, ಹಿಂದಿನ ಸೈಟಿನ ಬುಡ ಮತ್ತು ಸ್ಲೈಡ್ ಎರಡರ ಮೇಲೂ ಸೇರಿ ಬರೋ ಹಾಗೆ ಬಿಳಿ ಪೇಂಟ್ ಪೆನ್ನಲ್ಲಿ ಕೂದಲಷ್ಟು ಸಣ್ಣ ಗೆರೆ ಎಳೆಯಿರಿ. 50 ಗುಂಡಿಗೊಮ್ಮೆ, 200 ಆದ ಮೇಲೊಮ್ಮೆ ನೋಡಿ. ಗೆರೆ ಎರಡು ತುಂಡಾಗಿದ್ರೆ ಸೈಟ್ ಸರಿದಿದೆ. ತೊಳೆಯೋವಾಗ ಬ್ರೇಕ್ ಕ್ಲೀನರ್, ಅಸಿಟೋನ್ ಸೈಟಿನ ಹತ್ತಿರ ತರಬೇಡಿ, ಕಿತ್ತಳೆ ಬಣ್ಣ ಕಿತ್ತು ಬರುತ್ತೆ. ಒದ್ದೆ ಬಟ್ಟೆ ಒಂದು ಸಾಕು.